ಕೊಸರು

ಅರ್ಜಿಯ ಏಳನೆಯ ಕಲಮು ಕೇಳುತ್ತದೆ:
‘ನಿಮ್ಮ ಸಂಶೋಧನೆಯ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ.’
ಮೂರು ವಾರದಿಂದ ಅಲ್ಲೊಂದು ಚಹಾದ ಕಲೆ ಇದೆ,
ವಾಕ್ಯವಿಲ್ಲ.

ಹೋಮಾ ಬೇಯ ಈ ಹೆಣ್ಣುಮಕ್ಕಳ ಶಾಲೆಯಲ್ಲಿ
ಇಪ್ಪತ್ತೇಳು ವರ್ಷ ಪ್ರಶ್ನೆ ಕೇಳಿಯೇ ಸಂಬಳ ತಿಂದೆ.
ಕೇಳಿದವೆಲ್ಲ ಉತ್ತರ ಗೊತ್ತಿದ್ದವು,
ಪುಸ್ತಕದ ಕೊನೆಯ ಪುಟದಲ್ಲಿ ಅಚ್ಚಾದವು.
ಗೊತ್ತಿಲ್ಲದ್ದನ್ನು ಕೇಳುವುದು ಹೇಗೆಂದು
ಬಾಯಿ ಮರೆತಿದೆ.

ಮುಖ್ಯೋಪಾಧ್ಯಾಯಿನಿ ಮಿಸೆಸ್ ಓಂಡೀಗೊ ಬೆರಳು ಮಡಿಸಿದರು:
ಈಗ ಐವತ್ತೆರಡು. ಆರು ವರ್ಷ ಓದು, ಬೇಗ ಮುಗಿದರೆ.
ಅರವತ್ತಕ್ಕೆ ಮನೆಗೆ. ಉಳಿಯುವುದು ಎರಡು.
‘ಅಪೊಂಡಿ, ನೀನು ಲೆಕ್ಕದ ಟೀಚರು,
ನಾನು ಹೇಳಿಕೊಡಬೇಕೆ?’

ಬೇಡ. ಕಳೆಯುವ ಲೆಕ್ಕ ನನಗೆ ಬರುತ್ತದೆ.
ಸಹಕಾರ ಸಂಘದ ಸಾಲದ ಬಡ್ಡಿಯೂ ಬರುತ್ತದೆ,
ಕಿರಿಮಗನ ನರ್ಸಿಂಗ್ ಕಾಲೇಜಿನ ಮೂರನೆಯ ಕಂತೂ.
ಹೆಸರಿನ ಮುಂದೆ ಡಾಕ್ಟರ್ ಸೇರಿದರೆ
ನಮ್ಮ ಬೀದಿಯವರು ಮಲೇರಿಯಾಕ್ಕೆ
ಗುಳಿಗೆ ಕೇಳಿಕೊಂಡು ಬರುತ್ತಾರೆ, ಅಷ್ಟೆ.

ಒಡೇರಾ ಏನೂ ಹೇಳಲಿಲ್ಲ.
ದೋಣಿಯ ಎಂಜಿನ್ನು ಅಂಗಳದಲ್ಲಿ ಬಿಚ್ಚಿ ಹರಡಿ ಕೂತವನು
ಎಣ್ಣೆಗೈಯಲ್ಲೇ ಅರ್ಜಿ ಹಿಡಿದು ನೋಡಿದ.
ಮೂಲೆಯಲ್ಲಿ ಹೆಬ್ಬೆರಳಿನ ಗುರುತು ಬಿತ್ತು.
ಒಪ್ಪಿಗೆ ಅಂದುಕೊಳ್ಳಲೆ, ಕೊಳೆ ಅಂದುಕೊಳ್ಳಲೆ?

ನಿಜ ಹೇಳಬೇಕೆಂದರೆ ಇದೆಲ್ಲ ನೆಪ.
ನಿದ್ದೆ ಕೆಡಿಸಿದ್ದು ಒಂದು ಕೆಂಪು ಗೆರೆ.

ಹನ್ನೊಂದು ವರ್ಷದ ಹಿಂದಿನ ಪರೀಕ್ಷೆ:
‘ಒಂದು ಗೊರೊಗೊರೊ ಡಬ್ಬಿ ಒಮೆನಾ ಮೀನಿಗೆ ನೂರೈವತ್ತು ಶಿಲ್ಲಿಂಗ್.
ನಾನೂರೈವತ್ತು ಕೊಟ್ಟವಳಿಗೆ ಸಿಗುವುದೆಷ್ಟು?’
ಮೂರು ಡಬ್ಬಿ, ಎಂದರು ನಲವತ್ತು ಹುಡುಗಿಯರು.
ಮಿಲ್ಕಾ ಅಕೆಯೊ ಒಬ್ಬಳು ಬರೆದಳು:
‘ಮೂರು ಡಬ್ಬಿ, ಮೂರು ಹಿಡಿ.
ಗುರುತಿನವಳಾದರೆ ನಾಲ್ಕು ಹಿಡಿ.
ಬಸುರಿಯಾದರೆ ಕೇಳಬೇಡಿ.’

ನಾನು ಗೆರೆ ಎಳೆದೆ. ಸೊನ್ನೆ ಹಾಕಿದೆ.
ತರಗತಿಯಲ್ಲಿ ಓದಿ ಹೇಳಿದೆ ಕೂಡ, ನಗಿಸಲೆಂದು.
ನಕ್ಕರು. ಅವಳೂ ನಕ್ಕಳು,
ಎಲ್ಲರಿಗಿಂತ ಒಂದು ಕ್ಷಣ ತಡವಾಗಿ.

ಆ ಒಂದು ಕ್ಷಣವನ್ನು ಯಾವ ಡಬ್ಬಿಯಲ್ಲಿ ಅಳೆಯಲಿ?

ಈಗ ಅವಳು ದಡದಲ್ಲಿ, ಹರಿದ ಬಲೆಯ ಮೇಲೆ
ಬೆರಳುದ್ದದ ಮೀನು ಹರಡಿ ಒಣಗಿಸುತ್ತಾಳೆ.
ನಿನ್ನೆ ಸಂಜೆ ಹೋದೆ.
‘ಮ್ವಾಲಿಮು!’ ಎಂದು ಎದ್ದಳು, ಕೈ ಒರೆಸಿಕೊಂಡಳು,
ಡಬ್ಬಿ ತುಂಬಿದಳು, ಎರಡು ಸಲ ನೆಲಕ್ಕೆ ಕುಟ್ಟಿದಳು,
ಇಳಿದ ಜಾಗಕ್ಕೆ ಮತ್ತೆ ಮೀನು, ಅದರ ಮೇಲೊಂದು ಗೋಪುರ,
ಗೋಪುರದಿಂದ ಜಾರಿದ್ದನ್ನೂ ನನ್ನ ಚೀಲಕ್ಕೇ ಬಾಚಿದಳು.
ಆಮೇಲೆ ಕೊಸರು.
ಕೊಸರಿನ ಮೇಲೆ ಇನ್ನೊಂದು ಕೊಸರು.

‘ಇಷ್ಟು ಕೊಟ್ಟರೆ ನಿನಗೆ ಗಿಟ್ಟುತ್ತದೆಯೆ?’
‘ಗಿಟ್ಟುತ್ತದೆ.’
‘ಹೇಗೆ?’
ಅವಳು ನನ್ನ ಮುಖವನ್ನೇ ನೋಡಿದಳು,
ಇದು ಪರೀಕ್ಷೆಯೋ
ನಿಜಕ್ಕೂ ಕೇಳುತ್ತಿದ್ದೇನೋ ಎಂದು.

ಉತ್ತರ ಉದ್ದವಿತ್ತು.
ದೋಣಿ ಇಳಿಯದ ಹುಣ್ಣಿಮೆಗಳು ಬಂದವು ಅದರಲ್ಲಿ,
ಪಕ್ಕದ ಮಾರುವವಳ ಮಗುವಿನ ಜ್ವರ, ಡಬ್ಬಿಯ ತಳದ ತಗ್ಗು,
ಹೋದ ವರ್ಷ ಕೊಟ್ಟ ಒಂದು ಹಿಡಿ
ಈ ವರ್ಷ ಯಾವ ದಾರಿಯಲ್ಲಿ ಮರಳಿತೆಂಬುದು.
ಅರ್ಧ ತಿಳಿಯಿತು.
ಉಳಿದರ್ಧಕ್ಕೆ ನಾನು ಕಲಿತ ಚಿಹ್ನೆಗಳು ಸಾಲಲಿಲ್ಲ.
ಕತ್ತಲಾಗಿ ಸರೋವರಕ್ಕೆ ದೀಪದ ದೋಣಿಗಳು ಹೊರಟವು,
ನಾನಿನ್ನೂ ಮೊಣಕಾಲೂರಿ ಕೂತೇ ಇದ್ದೆ.

ಅರವತ್ತರಲ್ಲಿ ಐವತ್ತೆರಡು ಕಳೆದರೆ ಎಂಟು.
ಲೆಕ್ಕ ಸರಿಯಿದೆ ಮಿಸೆಸ್ ಓಂಡೀಗೊ, ಪೂರ್ತಿ ಅಂಕ.
ಆದರೆ ಆ ಎಂಟನ್ನು ಇನ್ನೂ ಯಾರೂ ನೆಲಕ್ಕೆ ಕುಟ್ಟಿ ನೋಡಿಲ್ಲ.

ಇವತ್ತು ಭಾನುವಾರ. ಮೀನು ಬಾಣಲೆಯಲ್ಲಿದೆ, ಬೆಕ್ಕು ಬಾಗಿಲಲ್ಲಿ.
ಏಳನೆಯ ಕಲಮಿನಲ್ಲಿ, ಚಹಾದ ಕಲೆಯ ಮೇಲೆ,
ಪೆನ್ಸಿಲಿನಲ್ಲಿ ಬರೆದಿದ್ದೇನೆ, ಬೇಕಾದರೆ ಅಳಿಸಬಹುದು:
‘ಹೇಗೆ?’

ಮೊದಲು ಉತ್ತರ ಬರೆದು ಸೊನ್ನೆ ಪಡೆದವಳ ಹೆಸರು ಹಾಕಲು
ಅರ್ಜಿಯಲ್ಲಿ ಕಲಮಿಲ್ಲ.
ಮೂಲೆಯಲ್ಲಿ, ಎಣ್ಣೆಯ ಗುರುತಿನ ಪಕ್ಕ,
ಸ್ವಲ್ಪ ಜಾಗವಿದೆ.